ಸೂರ್ಯನ ಗಳಿಕೆ, ಮನೆಯ ಲೆಕ್ಕ

ಕಳೆದ ಆಷಾಢದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಅಕ್ಕನ ಮನೆಗೆ ಹೋಗಿದ್ದೆ. ತೀರ್ಥಹಳ್ಳಿಯಿಂದ ಆಗುಂಬೆಯತ್ತ ಸಾಗುವ ದಾರಿಯಲ್ಲಿ ಬಸ್ಸಿಳಿದು ಮೂರು ಕಿಲೋಮೀಟರು ಒಳಗೆ ನಡೆದರೆ ಆ ಮನೆ. ಮುಂದೆ ಅಡಿಕೆಯ ತೋಟ, ಹಿಂದೆ ಗುಡ್ಡ, ಪಕ್ಕದಲ್ಲಿ ಒಂದು ಹಳ್ಳ. ವಿದ್ಯುತ್ತಿನ ಕಂಬಗಳು ಹಳ್ಳದ ಆಚೆಯ ದಡದಲ್ಲಿಯೇ ನಿಂತುಬಿಟ್ಟಿವೆ. ಆದಕಾರಣ ಭಾವನವರು ಐದು ವರ್ಷಗಳ ಹಿಂದೆ ಮಾಡಿನ ಮೇಲೆ ಎರಡು ಸೌರಫಲಕಗಳನ್ನು ಹಾಕಿಸಿ, ಒಳಗೆ ಒಂದು ಬ್ಯಾಟರಿಯನ್ನೂ ಒಂದು ಇನ್ವರ್ಟರನ್ನೂ ಇರಿಸಿಕೊಂಡು, ಸೀಮೆಎಣ್ಣೆಯ ಬುಡ್ಡಿಯನ್ನು ಅಟ್ಟಕ್ಕೇರಿಸಿದ್ದರು.

ನಾನು ಹೋಗುವುದಕ್ಕೆ ಒಂದು ವಾರ ಮುಂಚೆ ಅಲ್ಲಿ ಒಂದು ಅನಾಹುತ ನಡೆದಿತ್ತು. ಅಕ್ಕನ ಅತ್ತೆ, ಎಂಬತ್ತು ದಾಟಿದ ಹಿರಿಯರು, ನಡುರಾತ್ರಿ ಎದ್ದು ಹಿತ್ತಲ ಕಡೆಗೆ ಹೋಗಲೆಂದು ಗೋಡೆಯ ಸ್ವಿಚ್ಚನ್ನು ಒತ್ತಿದ್ದಾರೆ. ದೀಪ ಹತ್ತಲಿಲ್ಲ. ಮಲಗಿದವರನ್ನು ಎಬ್ಬಿಸುವುದೇಕೆಂದು ಕತ್ತಲೆಯಲ್ಲಿಯೇ ನಡೆದು, ಹೊಸ್ತಿಲಲ್ಲಿ ಎಡವಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಆ ಮಳೆಯಲ್ಲಿ ಅವರನ್ನು ಕುರ್ಚಿಯ ಮೇಲೆ ಕುಳ್ಳಿರಿಸಿ ಹೊತ್ತು ಹಳ್ಳ ದಾಟಿಸಬೇಕಾಯಿತು.

ನಾನು ಹೋದಾಗ ಕೈಗೆ ಬಿಳಿಯ ಪಟ್ಟಿ ಕಟ್ಟಿಕೊಂಡು ಜಗಲಿಯ ಮೇಲೆ ಕುಳಿತಿದ್ದ ಅವರು ನಗುನಗುತ್ತಲೇ ಮಾತನಾಡಿಸಿದರು. ಭಾವನವರ ಮುಖದಲ್ಲಿ ಮಾತ್ರ ನಗೆಯಿರಲಿಲ್ಲ.

“ಏನು ಮಾಡುವುದು ಮಾರಾಯ, ಮಳೆಗಾಲದಲ್ಲಿ ಸೂರ್ಯನೇ ರಜೆ ಹಾಕಿದರೆ ಯಂತ್ರವಾದರೂ ಏನು ಮಾಡೀತು? ಬ್ಯಾಟರಿ ಬೇರೆ ಎರಡೇ ವರ್ಷಕ್ಕೆ ಸತ್ತಿತು. ಈಗಿನದು ಎರಡನೆಯದು. ಇದೂ ಹೊರಟು ನಿಂತಿದೆ” ಎಂದರು.

ಸೂರ್ಯನ ಮೇಲೆ ಹೊರಿಸಿದ ಈ ಆಪಾದನೆ ಎಷ್ಟರಮಟ್ಟಿಗೆ ನಿಜ? ಹೊರಗೆ ಮಳೆ ಸುರಿಯುತ್ತಿತ್ತು. ಮಾಡಲು ಬೇರೆ ಕೆಲಸವಿರಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಜಗಲಿಯ ಮೇಲೆ ಲೆಕ್ಕಕ್ಕೆ ಕುಳಿತೆ.

ಜಮೆ ಮತ್ತು ಖರ್ಚು

ಫಲಕಗಳು ತಲಾ 100 ವಾಟಿನವು. ನಿರ್ಮಲವಾದ ಆಕಾಶವಿದ್ದ ದಿನ, ಏರುಬಿಸಿಲು ಇಳಿಬಿಸಿಲುಗಳನ್ನೆಲ್ಲ ಕೂಡಿಸಿದರೆ ನಮ್ಮ ನಾಡಿನಲ್ಲಿ ಸುಮಾರು ಐದು ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆಯುತ್ತದೆ. ಎಂದಮೇಲೆ ದಿನದ ಗಳಿಕೆ 1000 ವಾಟ್-ಗಂಟೆ ಇರಬೇಕು. ನಮ್ಮ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ ಇದು ಒಂದು ಯೂನಿಟ್. ಆದರೆ ಅಲ್ಲಿದ್ದ ಅಗ್ಗದ ನಿಯಂತ್ರಕದ ದೆಸೆಯಿಂದ ಬ್ಯಾಟರಿಯನ್ನು ಸೇರುತ್ತಿದ್ದುದು ಸುಮಾರು 700 ಮಾತ್ರ. ಈ ಸೋರಿಕೆಯ ಕಾರಣವನ್ನು ಮುಂದೆ ಹೇಳುತ್ತೇನೆ.

ಇನ್ನು ಖರ್ಚು. ಐದು ದೀಪಗಳು, ಒಂದೊಂದೂ 9 ವಾಟು, ದಿನಕ್ಕೆ ನಾಲ್ಕು ಗಂಟೆ: 180 ವಾಟ್-ಗಂಟೆ. ದೂರದರ್ಶನದ ಪೆಟ್ಟಿಗೆ 60 ವಾಟು, ಸಂಜೆ ಆರರಿಂದ ಹತ್ತರವರೆಗೆ: 240. ಇಷ್ಟನ್ನು ಅಕ್ಕನೂ ಒಪ್ಪಿದಳು. ಮೂರನೆಯ ಬಾಬತ್ತನ್ನು ಕಂಡು ಮಾತ್ರ ಎಲ್ಲರೂ ಬೆರಗಾದರು. ಬ್ಯಾಟರಿಯ ವಿದ್ಯುತ್ತನ್ನು ಮನೆಯ ಉಪಕರಣಗಳಿಗೆ ಒಗ್ಗುವಂತೆ ಮಾರ್ಪಡಿಸುವ ಇನ್ವರ್ಟರು ಸುಮ್ಮನೆ ಚಾಲೂ ಇದ್ದರೂ 10 ವಾಟನ್ನು ತಾನೇ ನುಂಗುತ್ತಿತ್ತು. ಹಗಲಿರುಳು ಅದನ್ನು ಆರಿಸುವ ಪದ್ಧತಿಯೇ ಇರಲಿಲ್ಲ. 24 ಗಂಟೆಗೆ 240 ವಾಟ್-ಗಂಟೆ! ದೂರದರ್ಶನಕ್ಕೆ ಎಷ್ಟು ಖರ್ಚೋ, ಏನೂ ಮಾಡದೆ ನಿಂತ ಇನ್ವರ್ಟರಿಗೂ ಅಷ್ಟೇ.

ಒಟ್ಟು 660. ಬ್ಯಾಟರಿಗೆ ಹಾಕಿದ್ದೆಲ್ಲವೂ ಮರಳಿ ಬರುವುದಿಲ್ಲ. ಈ ಬಗೆಯ ಬ್ಯಾಟರಿಯಲ್ಲಿ ನೂರು ಹಾಕಿದರೆ ಎಂಬತ್ತು ಕೈಗೆ ಬಂದರೆ ಪುಣ್ಯ. ಹೀಗಾಗಿ ಬಿಸಿಲುಗಾಲದಲ್ಲಿಯೂ ಆ ಮನೆ ಸಾಲದಲ್ಲೇ ನಡೆಯುತ್ತಿತ್ತು. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ, ಬಿಸಿಲುಗಾಲದ ಗಳಿಕೆಯ ಕಾಲುಭಾಗವೂ ದೊರೆಯದ ದಿನಗಳು ಮಳೆಗಾಲದಲ್ಲಿ ಸಾಲುಸಾಲಾಗಿ ಬರುತ್ತವೆ. ಆಗ ಸಾಲಗಾರನ ಗತಿ ಏನಾಗಬೇಕೋ ಅದೇ ಆಯಿತು.

ಕೊನೆಯದಾಗಿ ಇನ್ನೊಂದು ಸಾಲನ್ನು ಬರೆದೆ. ಹಿತ್ತಲ ಬಾಗಿಲಿನ ಬಳಿ ರಾತ್ರಿಯೆಲ್ಲ ಉರಿಯಲು 3 ವಾಟಿನ ಒಂದು ದೀಪ ಸಾಕು. ಹತ್ತು ಗಂಟೆಗೆ 30 ವಾಟ್-ಗಂಟೆ. ಎಂದರೆ, ಒಂದು ಸಂಜೆಯ ದೂರದರ್ಶನದ ಖರ್ಚಿನಲ್ಲಿ ಅತ್ತೆಯವರ ದೀಪ ಎಂಟು ರಾತ್ರಿ ಉರಿಯಬಹುದಾಗಿತ್ತು.

ಭಾವನವರು ಹಾಳೆಯನ್ನು ಬಹಳ ಹೊತ್ತು ನೋಡಿದರು. ಅಂದು ರಾತ್ರಿ ಮನೆಯನ್ನು ಕತ್ತಲಾಗಿಸಿದ್ದು ಮೋಡವೊಂದೇ ಅಲ್ಲ. ಉಳಿದಷ್ಟನ್ನು ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಕೂಡದು ಎಂದು ಯೋಚಿಸುವ ಬುದ್ಧಿ ಆ ಯಂತ್ರವ್ಯೂಹದಲ್ಲಿ ಎಲ್ಲಿಯೂ ಇರಲಿಲ್ಲ.

ಈ ಬುದ್ಧಿಯನ್ನು ಯಂತ್ರಕ್ಕೆ ಕಲಿಸುವುದು ಸಾಧ್ಯವೆ? ಸಾಧ್ಯ, ಕಲಿಸಿಯೂ ಆಗಿದೆ. ಅದು ಹೇಗೆಂಬುದೇ ಈ ವಾರದ ವಿಷಯ.

ಸೋರಿಹೋದ ಕಾಲುಪಾಲು

ಬೆಳಕನ್ನು ನೇರವಾಗಿ ವಿದ್ಯುತ್ತಾಗಿ ಮಾರ್ಪಡಿಸುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು 1954ರಲ್ಲಿ ಲೋಕಕ್ಕೆ ತೋರಿಸಿದಾಗ, ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಇಂದಿನ ಒಳ್ಳೆಯ ಫಲಕಗಳು ಇಪ್ಪತ್ತನ್ನು ದಾಟಿವೆ. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ಫಲಕಕ್ಕೂ ಬ್ಯಾಟರಿಗೂ ನಡುವಿನ ನಾಲ್ಕು ಮೊಳದ ತಂತಿಯಲ್ಲಿ ಕಳೆದುಕೊಳ್ಳುವುದೆಂದರೇನು?

ಕಾರಣ ಸರಳವಾಗಿದೆ. ವಿದ್ಯುತ್ತಿನ ಬಲವೆಂಬುದು ವೋಲ್ಟು ಮತ್ತು ಆಂಪಿಯರುಗಳ ಗುಣಲಬ್ಧ. ಬಾವಿಯಿಂದ ನೀರು ತರುವವಳ ಕೊಡ ತೀರ ಚಿಕ್ಕದಾದರೆ ಎಷ್ಟು ಸಲ ಓಡಾಡಿದರೂ ಹಂಡೆ ತುಂಬದು. ತೀರ ದೊಡ್ಡದಾದರೆ ಎತ್ತಲಿಕ್ಕೇ ಆಗದು. ನಡುವೆ ಎಲ್ಲಿಯೋ ಒಂದು ಹದವಾದ ಕೊಡವಿದೆ. ಫಲಕಕ್ಕೂ ಹಾಗೆಯೇ. ಸಾಮಾನ್ಯವಾದ 100 ವಾಟಿನ ಫಲಕವೊಂದು ಸುಮಾರು 18 ವೋಲ್ಟಿನಲ್ಲಿ ಕೆಲಸ ಮಾಡುವಾಗ 5.5 ಆಂಪಿಯರು ಕೊಡುತ್ತದೆ. ಗುಣಿಸಿದರೆ ನೂರು ವಾಟಿಗೆ ಹತ್ತಿರ. ಅದನ್ನು ಅಗ್ಗದ ನಿಯಂತ್ರಕದ ಮೂಲಕ ಬರಿದಾದ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ, ಬ್ಯಾಟರಿ ಅದನ್ನು ತನ್ನ 12 ವೋಲ್ಟಿಗೆ ಜಗ್ಗಿ ಇಳಿಸುತ್ತದೆ. ಆಂಪಿಯರು ಹೆಚ್ಚೆಂದರೆ 6 ಆದೀತು. ಹನ್ನೆರಡಾರಲೆ ಎಪ್ಪತ್ತೆರಡು. ಉಳಿದ ಕಾಲುಪಾಲಿಗಿಂತ ಹೆಚ್ಚಿನದು ಮಾಡಿನ ಮೇಲೆಯೇ ಶಾಖವಾಗಿ ಹೋಯಿತು.

ಬುದ್ಧಿಯುಳ್ಳ ನಿಯಂತ್ರಕ ಹೀಗೆ ಮಾಡುವುದಿಲ್ಲ. ಫಲಕವನ್ನು ಅದಕ್ಕೆ ಇಷ್ಟವಾದ ವೋಲ್ಟಿನಲ್ಲಿಯೇ ದುಡಿಯಲು ಬಿಟ್ಟು, ಬಂದುದನ್ನು ಬ್ಯಾಟರಿಯ ವೋಲ್ಟಿಗೆ ತಾನು ಬದಲಾಯಿಸಿ ಒಪ್ಪಿಸುತ್ತದೆ. ದೊಡ್ಡ ನೋಟನ್ನು ಚಿಲ್ಲರೆ ಮಾಡಿಸಿದಂತೆ: ಮೊತ್ತ ಅದೇ, ಬದಲಾಯಿಸಿದವನಿಗೆ ಅಲ್ಪಸ್ವಲ್ಪ ವಟ್ಟ. ನೂರಕ್ಕೆ ಐದರಷ್ಟು ವಟ್ಟ ಮುರಿದುಕೊಂಡರೂ ತೊಂಬತ್ತೈದು ಉಳಿಯಿತಷ್ಟೆ. ಅಂಗಡಿಯವರು ಇದನ್ನು ಎಂ.ಪಿ.ಪಿ.ಟಿ. ಎಂದು ಕರೆಯುತ್ತಾರೆ. ಅತ್ಯಧಿಕ ಬಲದ ಬಿಂದುವನ್ನು ಹುಡುಕುವ ಉಪಾಯ ಎಂದು ಅದರ ಅರ್ಥ.

ಆದರೆ ಇಲ್ಲೊಂದು ತೊಡಕಿದೆ. ಆ ಹದವಾದ ಬಿಂದು ಒಂದೇ ಕಡೆ ನಿಲ್ಲುವುದಿಲ್ಲ. ಮೋಡ ಬಂದರೆ ಸರಿಯುತ್ತದೆ. ಫಲಕ ಕಾದರೆ ಇಳಿಯುತ್ತದೆ. ಅದನ್ನು ಬೆನ್ನಟ್ಟುವುದು ಹೇಗೆ? ಹಳೆಯ ರೇಡಿಯೋ ಇದ್ದ ಮನೆಯವರಿಗೆ ಇದು ಚೆನ್ನಾಗಿ ಗೊತ್ತು. ಗುಂಡಿಯನ್ನು ಒಂದಿಷ್ಟು ಬಲಕ್ಕೆ ತಿರುಗಿಸಿ ಕಿವಿಗೊಡುತ್ತಿದ್ದೆವು. ಧ್ವನಿ ಸ್ಪಷ್ಟವಾದರೆ ಇನ್ನಷ್ಟು ಬಲಕ್ಕೆ, ಮಸುಕಾದರೆ ಎಡಕ್ಕೆ. ನಿಯಂತ್ರಕವೂ ಇದನ್ನೇ ಮಾಡುತ್ತದೆ. ವೋಲ್ಟನ್ನು ತುಸು ಏರಿಸಿ, ಬಲ ಹೆಚ್ಚಿತೋ ತಗ್ಗಿತೋ ಎಂದು ಅಳೆದು, ಅದರಂತೆ ಮುಂದಿನ ಹೆಜ್ಜೆ ಇಡುತ್ತದೆ. ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಇಂತಹ ಹಲವು ಹೆಜ್ಜೆಗಳು ಮುಗಿದಿರುತ್ತವೆ.

ಈ ಉಪಾಯಕ್ಕೆ ಮೂರು ದೋಷಗಳುಂಟು. ಸ್ಟೇಷನ್ ಸಿಕ್ಕಿದ ಮೇಲೂ ಗುಂಡಿಯನ್ನು ಅತ್ತಿತ್ತ ಆಡಿಸುತ್ತಲೇ ಇರುವುದರಿಂದ ಸ್ವಲ್ಪ ನಷ್ಟ. ಎರಡನೆಯದು, ಮೋಡ ಸರಿದು ಬಿಸಿಲು ತಾನಾಗಿ ಹೆಚ್ಚಿದಾಗ, ತನ್ನ ಹೆಜ್ಜೆಯಿಂದಲೇ ಬಲ ಹೆಚ್ಚಿತೆಂದು ಅದು ಮೋಸಹೋಗುತ್ತದೆ. ಹಾಡುವವರು ತಾವಾಗಿ ದನಿಯೇರಿಸಿದರೆ, ನಾವು ಗುಂಡಿ ತಿರುಗಿಸಿದ್ದರಿಂದ ಎಂದುಕೊಂಡಂತೆ. ಮೂರನೆಯದು ಇನ್ನೂ ಕೆಟ್ಟದ್ದು. ತೆಂಗಿನ ಗರಿಯೊಂದರ ನೆರಳು ಫಲಕದ ಒಂದು ಮೂಲೆಗೆ ಬಿದ್ದರೆ, ಹದವಾದ ಬಿಂದುಗಳೇ ಎರಡಾಗುತ್ತವೆ, ಒಂದು ದುರ್ಬಲ, ಒಂದು ಪ್ರಬಲ. ಯಂತ್ರ ದುರ್ಬಲವಾದುದರ ಬಳಿಯಲ್ಲಿಯೇ ತೃಪ್ತಿಯಿಂದ ಕುಳಿತುಬಿಡಬಹುದು.

ತವೆಯ ಕಾವು ಬಲ್ಲ ಯಂತ್ರ

ಈ ದೋಷಗಳನ್ನು ತಿದ್ದುವಲ್ಲಿಯೇ ‘ಬುದ್ಧಿವಂತ’ ಎಂಬ ವಿಶೇಷಣ ನಿಯಂತ್ರಕಕ್ಕೆ ಸಾರ್ಥಕವಾಗುವುದು. ದೋಸೆ ಹುಯ್ಯುವ ಗೃಹಿಣಿ ತವೆಯ ಶಾಖವನ್ನು ಡಿಗ್ರಿಗಳಲ್ಲಿ ಅಳೆಯುವುದಿಲ್ಲ. ‘ಬಹಳ ಕಾದಿದೆ’ ಎನಿಸಿದರೆ ಉರಿಯನ್ನು ಚೆನ್ನಾಗಿ ತಗ್ಗಿಸುತ್ತಾಳೆ. ‘ತುಸು ಕಾದಿದೆ’ ಎನಿಸಿದರೆ ತುಸುವೇ ತಗ್ಗಿಸುತ್ತಾಳೆ. ‘ಬಹಳ’, ‘ತುಸು’, ‘ಹದ’ ಎಂಬ ಇಂತಹ ಮಾತುಗಳಿಗೂ ಗಣಿತದಲ್ಲಿ ಸ್ಥಾನವುಂಟೆಂದು ಅಮೆರಿಕದಲ್ಲಿ ಪ್ರಾಧ್ಯಾಪಕರಾಗಿದ್ದ ಲಾತ್ಫಿ ಜಾದೆ ಅವರು 1965ರಲ್ಲಿ ತೋರಿಸಿಕೊಟ್ಟರು. ಆ ತರ್ಕವನ್ನು ಅಳವಡಿಸಿಕೊಂಡ ನಿಯಂತ್ರಕ, ಗುರಿ ದೂರವಿದ್ದಾಗ ದೊಡ್ಡ ಹೆಜ್ಜೆಯನ್ನೂ ಹತ್ತಿರವಾದಾಗ ಸಣ್ಣ ಹೆಜ್ಜೆಯನ್ನೂ ಇಡುತ್ತದೆ. ಮೋಡದ ಮೋಸಕ್ಕೆ ಸಿಕ್ಕದಿರಲು, ವೋಲ್ಟು ಬದಲಾದಾಗ ಆಂಪಿಯರು ಎಷ್ಟು ಬದಲಾಯಿತೆಂಬ ಪ್ರಮಾಣವನ್ನೂ ನೋಡಿಕೊಳ್ಳುತ್ತದೆ. ನೆರಳಿನ ತೊಂದರೆಗೆಂದು ಆಗಾಗ್ಗೆ ಇಡೀ ಪಟ್ಟಿಯನ್ನು ಒಮ್ಮೆ ಸುತ್ತಿಬಂದು, ಎಲ್ಲಿಯಾದರೂ ಇನ್ನೂ ಪ್ರಬಲವಾದ ಸ್ಟೇಷನ್ ಇದೆಯೇ ಎಂದು ವಿಚಾರಿಸುತ್ತದೆ.

ಅಂಗಡಿಯವರ ಮಾತನ್ನು ಇಲ್ಲಿ ಪೂರ್ತಿಯಾಗಿ ನಂಬಬೇಕಾಗಿಲ್ಲ. ಫಲಕದ ಶಾಖ ಒಂದು ಡಿಗ್ರಿ ಏರಿದರೆ ಬಲ ನೂರಕ್ಕೆ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಫಲಕ 60 ಡಿಗ್ರಿಗೆ ಕಾದಾಗ, ಹದವಾದ ವೋಲ್ಟು ತಾನೇ ಬ್ಯಾಟರಿಯ ವೋಲ್ಟಿನ ಸಮೀಪಕ್ಕೆ ಇಳಿದಿರುತ್ತದೆ. ಆಗ ಈ ಉಪಾಯದಿಂದ ಆಗುವ ಲಾಭ ನೂರಕ್ಕೆ ಹತ್ತೂ ಇರಲಾರದು. ತಂಪಾದ ಬೆಳಗಿನ ಬಿಸಿಲಿನಲ್ಲಿ, ಬ್ಯಾಟರಿ ಬರಿದಾಗಿರುವಾಗ, ಅದೇ ಲಾಭ ಇಪ್ಪತ್ತೈದಕ್ಕೆ ಏರೀತು. ಮೋಡ ದಟ್ಟವಾಗಿ ಮುಸುಕಿದ ದಿನ ಯಾವ ಬುದ್ಧಿವಂತಿಕೆಯೂ ಇಲ್ಲದ ಬೆಳಕನ್ನು ತಂದುಕೊಡಲಾರದು.

ಬ್ಯಾಟರಿಯ ಸಾವಿಗೆ ಕಾರಣ

ಗಳಿಸುವುದಕ್ಕಿಂತ ಉಳಿಸುವುದು ಕಷ್ಟ. ಒಂಟಿ ಮನೆಯ ಸೌರವ್ಯವಸ್ಥೆಯಲ್ಲಿ ಮತ್ತೆ ಮತ್ತೆ ಹಣ ಕೇಳುವ ಅಂಗವೆಂದರೆ ಬ್ಯಾಟರಿ. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ. ಸರಿಯಾಗಿ ನಡೆಸಿಕೊಳ್ಳದ ಬ್ಯಾಟರಿ ಎರಡು ವರ್ಷಕ್ಕೆ ಮುಗಿಯುತ್ತದೆ.

ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಸೀಸ ಮತ್ತು ಆಮ್ಲದ ಬ್ಯಾಟರಿ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಉಪಕರಣದ ವಂಶಜ ಅದು. ಅದರಿಂದ ವಿದ್ಯುತ್ತನ್ನು ತೆಗೆದಾಗ ಸೀಸದ ಹಲಗೆಗಳ ಮೇಲೆ ಸೀಸದ ಸಲ್ಫೇಟು ಕೂರುತ್ತದೆ. ಮರಳಿ ತುಂಬಿದಾಗ ಕರಗುತ್ತದೆ. ಆದರೆ ಬಹುದಿನ ಅರೆಹೊಟ್ಟೆಯಲ್ಲಿಯೇ ಇರಿಸಿದರೆ ಆ ಸಲ್ಫೇಟು ಗಡುಸಾದ ಹರಳಾಗಿ, ಮತ್ತೆ ಕರಗಲೊಲ್ಲದು. ಪಾತ್ರೆಯ ತಳದಲ್ಲಿ ಸೀದ ಗಸಿಯನ್ನು ಅಂದೇ ತಿಕ್ಕದೆ ಬಿಟ್ಟಂತೆ. ಭಾವನವರ ಮೊದಲ ಬ್ಯಾಟರಿ ಸತ್ತುದು ಹೀಗೆಯೇ. ಐವತ್ತು ಅರವತ್ತು ದಿನಗಳಾದರೂ ಅದು ಒಮ್ಮೆಯೂ ತುಂಬಿರಲಾರದು.

ತುಂಬುವುದರಲ್ಲಿಯೂ ಕ್ರಮವಿದೆ. ಕಿರಿದಾದ ಕಂಠದ ಹೂಜಿಗೆ ನೀರು ಹುಯ್ಯುವಾಗ ಮೊದಲು ಧಾರೆಯಾಗಿ, ಕಂಠ ಸಮೀಪಿಸಿದಾಗ ನಿಧಾನವಾಗಿ, ಕೊನೆಯಲ್ಲಿ ಹನಿಹನಿಯಾಗಿ ಹುಯ್ಯಬೇಕಷ್ಟೆ. ಒಳ್ಳೆಯ ನಿಯಂತ್ರಕವೂ ಮೊದಲು ಬಂದುದನ್ನೆಲ್ಲ ಒಳಬಿಟ್ಟು, 14.4 ವೋಲ್ಟಿನ ಸುಮಾರಿಗೆ ಬಂದಾಗ ಅಲ್ಲಿಯೇ ಕೆಲವು ಗಂಟೆ ತಡೆಹಿಡಿದು, ಪೂರ್ಣ ತುಂಬಿದ ಮೇಲೆ 13.6ರ ಆಸುಪಾಸಿಗೆ ಇಳಿಸಿ ಕಾಪಾಡುತ್ತದೆ. ಇವು 25 ಡಿಗ್ರಿಯ ಹವೆಗೆ ಹೇಳಿದ ಅಂಕೆಗಳು. ಬ್ಯಾಟರಿ ಇರುವ ಕೋಣೆ 35 ಡಿಗ್ರಿಗೆ ಕಾದರೆ ಸುಮಾರು ಕಾಲು ವೋಲ್ಟು ತಗ್ಗಿಸಬೇಕು. ಇಲ್ಲವಾದರೆ ಒಳಗಿನ ನೀರು ಬೇಗ ಆರಿಹೋಗುತ್ತದೆ. ಶಾಖವನ್ನು ಅಳೆದು ಇದನ್ನು ತಾನಾಗಿ ಸರಿಪಡಿಸಿಕೊಳ್ಳುವ ನಿಯಂತ್ರಕಗಳಿವೆ.

ತೆಗೆಯುವುದರಲ್ಲಿಯೂ ಸಂಯಮ ಬೇಕು. ಆ ಮನೆಯ ಬ್ಯಾಟರಿ 150 ಆಂಪಿಯರ್-ಗಂಟೆಯದು. 12 ವೋಲ್ಟಿನಿಂದ ಗುಣಿಸಿದರೆ 1800 ವಾಟ್-ಗಂಟೆ. ಅದರಲ್ಲಿ ಅರ್ಧವನ್ನು ಮಾತ್ರ ಬಳಸಿ ಅರ್ಧವನ್ನು ಮುಟ್ಟದಿದ್ದರೆ ಆಯುಸ್ಸು ಗಣನೀಯವಾಗಿ ಹೆಚ್ಚುತ್ತದೆ. ಆದರೆ ಅರ್ಧವಾಯಿತೆಂದು ತಿಳಿಯುವುದು ಹೇಗೆ? ವೋಲ್ಟನ್ನು ನೋಡಿದರೆ ಸಾಲದು. ಮಿಕ್ಸಿ ತಿರುಗಿದ ಕೂಡಲೆ ವೋಲ್ಟು ಕುಸಿಯುತ್ತದೆ, ನಿಂತ ಕೂಡಲೆ ಚೇತರಿಸುತ್ತದೆ. ದಡ್ಡ ಯಂತ್ರ ಇದನ್ನು ಕಂಡು ಗಾಬರಿಯಾಗಿ ಮನೆಯನ್ನೆಲ್ಲ ಕತ್ತಲಾಗಿಸಿ, ಮರುಕ್ಷಣ ಮತ್ತೆ ಬೆಳಗಿಸುತ್ತದೆ. ಬುದ್ಧಿವಂತ ಯಂತ್ರವಾದರೋ, ಒಳಗೆ ಬಂದುದೆಷ್ಟು, ಹೊರಗೆ ಹೋದುದೆಷ್ಟು ಎಂದು ಕ್ಷಣಕ್ಷಣಕ್ಕೂ ಬರೆದಿಟ್ಟುಕೊಂಡು, ಕಿರಾಣಿ ಅಂಗಡಿಯ ಖಾತೆಯಂತೆ ಶಿಲ್ಕನ್ನು ಲೆಕ್ಕ ಹಾಕುತ್ತದೆ. ಈಗ ಬಳಕೆಗೆ ಬಂದಿರುವ ಲಿಥಿಯಂ ಬ್ಯಾಟರಿಗಳಲ್ಲಿ ಪ್ರತಿಯೊಂದು ಕೋಶವನ್ನೂ ಕಾಯುವ ಇಂತಹ ಮಂಡಲವೊಂದು ಒಳಗೇ ಇರುತ್ತದೆ.

ಯಾರಿಗೆ ಮೊದಲು?

ಶಿಲ್ಕು ತಿಳಿದಮೇಲೆ ಉಳಿಯುವುದು ಹಂಚಿಕೆಯ ಪ್ರಶ್ನೆ. ಹಿಂದಿನ ಕಾಲದ ತುಂಬು ಸಂಸಾರದಲ್ಲಿ ಉಗ್ರಾಣದ ಬೀಗದಕೈ ಅಜ್ಜಿಯ ಸೆರಗಿನಲ್ಲಿರುತ್ತಿತ್ತು. ಸುಗ್ಗಿಯಲ್ಲಿ ಆಕೆ ಧಾರಾಳಿ, ಮಳೆಗಾಲದಲ್ಲಿ ಬಿಗಿ. ಎಷ್ಟು ಬಿಗಿಯಾದರೂ ಮಗುವಿನ ಹಾಲಿಗೆ ಕೊರತೆ ಮಾಡುತ್ತಿರಲಿಲ್ಲ.

ಇಂದಿನ ನಿಯಂತ್ರಕಕ್ಕೂ ಇದನ್ನೇ ಹೇಳಿಕೊಡಬಹುದು. ಉಪಕರಣಗಳನ್ನು ಮೂರು ಸಾಲುಗಳಾಗಿ ವಿಂಗಡಿಸಿ, ಶಿಲ್ಕು ಒಂದು ಮಟ್ಟಕ್ಕಿಳಿದಾಗ ಮಿಕ್ಸಿ ಮತ್ತು ದೂರದರ್ಶನ, ಇನ್ನೂ ಇಳಿದಾಗ ಹೆಚ್ಚುವರಿ ದೀಪಗಳು ನಿಲ್ಲಬೇಕು; ದಾರಿತೋರುವ ದೀಪ ಮತ್ತು ದೂರವಾಣಿ ಎಲ್ಲಕ್ಕಿಂತ ಕೊನೆಯವರೆಗೆ ಇರಬೇಕು. ಮತ್ತೊಂದು ವಿಷಯ: ಬೇಸಿಗೆಯಲ್ಲಿ ಮಧ್ಯಾಹ್ನಕ್ಕೆ ಮುಂಚೆಯೇ ಬ್ಯಾಟರಿ ತುಂಬಿದರೆ, ಅನಂತರ ಬರುವ ಬಿಸಿಲೆಲ್ಲ ವ್ಯರ್ಥ. ಆ ಹೊತ್ತಿನಲ್ಲಿ ತಾನಾಗಿ ಪಂಪನ್ನು ನಡೆಸಿ ತೊಟ್ಟಿಗೆ ನೀರೇರಿಸುವ ನಿಯಂತ್ರಕವಿದ್ದರೆ, ಬ್ಯಾಟರಿಯ ಹಂಗಿಲ್ಲದೆ ಬಿಸಿಲು ನೀರಿನ ರೂಪದಲ್ಲಿ ಸಂಗ್ರಹವಾಗುತ್ತದೆ. ಮರುದಿನದ ಹವೆಯ ಮುನ್ಸೂಚನೆಯನ್ನೂ ಮನೆಯವರ ಅಭ್ಯಾಸವನ್ನೂ ಗಮನಿಸಿ, ಇಂದಿನ ಸಂಜೆಗೆ ಎಷ್ಟು ಖರ್ಚು ಮಾಡಬಹುದೆಂದು ತೀರ್ಮಾನಿಸುವ ವ್ಯವಸ್ಥೆಗಳನ್ನೂ ಶೋಧಕರು ರಚಿಸಿದ್ದಾರೆ.

ಯಂತ್ರಕ್ಕೆ ಮನೆಯ ಅಗತ್ಯವನ್ನು ಹೇಳಿಕೊಡುವವರು ಮಾತ್ರ ಮನುಷ್ಯರೇ ಆಗಬೇಕು. 1995ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಸೆಲ್ಕೋ ಸಂಸ್ಥೆಯ ಮೂಲಕ ಕರ್ನಾಟಕದ ಹಳ್ಳಿಗಳಿಗೆ ಸೌರದೀಪಗಳನ್ನು ಮುಟ್ಟಿಸಿದ ಹರೀಶ್ ಹಂದೆಯವರು ಒಂದೊಂದು ಮನೆಯ ಅಗತ್ಯವನ್ನೂ ಬೇರೆಬೇರೆಯಾಗಿ ವಿಚಾರಿಸಿ ಅದಕ್ಕೆ ತಕ್ಕ ವ್ಯವಸ್ಥೆ ಮಾಡುವ ಪದ್ಧತಿಯನ್ನು ಬೆಳೆಸಿದರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಭಾವನವರಿಗೆ ಸಾಮಗ್ರಿ ಮಾರಿದ ಪೇಟೆಯ ವ್ಯಾಪಾರಿ ಅಂತಹ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮನೆಯಲ್ಲಿ ರಾತ್ರಿ ಏಳುವ ಹಿರಿಯರಿದ್ದಾರೆಂದು ಅವನಿಗೆ ತಿಳಿದಿರಲಿಲ್ಲ. ಹೇಳಬೇಕೆಂದು ಇವರಿಗೂ ಹೊಳೆದಿರಲಿಲ್ಲ.

ನಗರದ ವಾಚಕರು ಇದೆಲ್ಲ ಹಳ್ಳಿಯ ಮಾತೆಂದು ಹಾಳೆ ಮಗುಚಬಾರದು. ನಮ್ಮ ಮನೆಯ ಮೂಲೆಯಲ್ಲಿ, ಕರೆಂಟು ಹೋದಾಗ ಕೆಲಸಕ್ಕೆ ಬರಲೆಂದು ಇಟ್ಟಿರುವ ಬ್ಯಾಟರಿಯೂ ಇದೇ ಜಾತಿಯದು. ಅದಕ್ಕೆ ಕಾಲಕಾಲಕ್ಕೆ ಭಟ್ಟಿಯಿಳಿಸಿದ ನೀರನ್ನು ಹಾಕುತ್ತಿದ್ದೇವೆಯೆ? ಅದರ ಮೇಲೆ ಯಾವ ಯಾವ ಭಾರವನ್ನು ಹೊರಿಸಿದ್ದೇವೆ? ಸೌರವ್ಯವಸ್ಥೆ ಕೊಳ್ಳುವವರು ಫಲಕದ ವಾಟನ್ನು ಕೇಳುವುದರ ಜೊತೆಗೆ ಇಷ್ಟನ್ನೂ ಕೇಳಬೇಕು: ನಿಯಂತ್ರಕ ಹದವಾದ ಬಿಂದುವನ್ನು ಹುಡುಕುತ್ತದೆಯೆ? ಶಾಖಕ್ಕೆ ತಕ್ಕಂತೆ ತುಂಬುವುದನ್ನು ತಗ್ಗಿಸುತ್ತದೆಯೆ? ಕೊರತೆಯಾದಾಗ ಯಾವುದನ್ನು ಮೊದಲು ನಿಲ್ಲಿಸುತ್ತದೆ?

ಅಕ್ಕನ ಮನೆಯಲ್ಲಿ ಈಗ ಬೇರೆ ನಿಯಂತ್ರಕವಿದೆ. ಮಲಗುವ ಹೊತ್ತಿಗೆ ಇನ್ವರ್ಟರನ್ನು ಆರಿಸುತ್ತಾರೆ. ಬ್ಯಾಟರಿ ಅರ್ಧಕ್ಕಿಳಿದರೆ ದೂರದರ್ಶನ, ಧಾರಾವಾಹಿಯ ಯಾವ ಘಟ್ಟದಲ್ಲಿದ್ದರೂ ಸರಿ, ತಾನಾಗಿ ನಿಲ್ಲುತ್ತದೆ. ಇದರ ಬಗ್ಗೆ ಅಕ್ಕ ನನ್ನೊಡನೆ ಎರಡು ಸಲ ದೂರವಾಣಿಯಲ್ಲಿ ಜಗಳವಾಡಿದ್ದಾಳೆ. ಹಿತ್ತಲ ಬಾಗಿಲಿನ 3 ವಾಟಿನ ದೀಪವನ್ನು ಇನ್ವರ್ಟರಿನ ಗೊಡವೆಯಿಲ್ಲದೆ ನಿಯಂತ್ರಕದಿಂದಲೇ ಎಳೆದಿದ್ದಾರೆ. ಅತ್ತೆಯವರ ಕೈ ಕೂಡಿಕೊಂಡಿದೆ; ಆದರೆ ಹಿಂದಿನಂತೆ ಹೂ ಕಟ್ಟಲು ಆಗುವುದಿಲ್ಲವಂತೆ. ರಾತ್ರಿ ಎದ್ದಾಗ ಅವರು ಸ್ವಿಚ್ಚನ್ನು ಹುಡುಕಬೇಕಾಗಿಲ್ಲ. ದೀಪ ಉರಿಯುತ್ತಲೇ ಇರುತ್ತದೆ.